ಹತ್ತಕ್ಕೆ ಐದೂವರೆ

ಅಂಕ ಕೊಡುವವರ ಮೇಲೆ ನನಗೆ ಇವತ್ತಿಗೂ ಸಿಟ್ಟು. ಶಾಲೆಯಲ್ಲಿ ಪೇಪರ್ ತಿದ್ದುವವರ ಮೇಲಲ್ಲ. ಆ ಕೆಲಸವನ್ನು ನಾನೇ ಮಾಡುತ್ತೇನೆ, ಮತ್ತು ಹುಡುಗರ ಉತ್ತರವನ್ನು ಕೊನೆಯ ಸಾಲಿನವರೆಗೆ ಓದದೆ ಅಂಕ ಹಾಕಿದರೆ ನನಗೆ ಅವತ್ತು ಊಟ ಸೇರುವುದಿಲ್ಲ. ನನ್ನ ಸಿಟ್ಟು ಕಂಪ್ಯೂಟರ್ ಗೇಮುಗಳಿಗೆ ಅಂಕ ಕೊಡುವವರ ಮೇಲೆ. ಜಮಖಂಡಿಯ ಇಂಗ್ಲಿಷ್ ಟೀಚರಿಗೆ ಗೇಮುಗಳ ಉಸಾಬರಿ ಯಾಕೆ ಎಂದು ಕೇಳುವವರು ಕೇಳಲಿ. ಎರಡು ಸಾವಿರದ ಹತ್ತರ ನಂತರದ ಕೆಲವು ವರ್ಷ ನಾನು ಶಾಲೆ ಬಿಟ್ಟು ಗೇಮು ಮಾಡುವ ಕೆಲಸದಲ್ಲಿದ್ದೆ. ಅದೂ ಇದೇ ಜಮಖಂಡಿಯಲ್ಲಿ, ಒಂದು ಹಳೆಯ ಮನೆಯ ಮಹಡಿಯ ಮೇಲೆ.

ಆ ಕೆಲಸವನ್ನು ಊರಿಗೆ ತಂದವರು ಪುಣೆಯ ಗೇಮು ಕಂಪನಿಯೊಂದರಲ್ಲಿ ಹಲವು ವರ್ಷ ದುಡಿದು, ಅಲ್ಲಿಯ ಗದ್ದಲ ಸಾಕಾಗಿ ವಾಪಸು ಬಂದವರು. ನಾವೆಲ್ಲ ಅವರನ್ನು ಅಣ್ಣಾರು ಎನ್ನುತ್ತಿದ್ದೆವು. ದೊಡ್ಡ ಮಹಡಿ, ದಪ್ಪ ಗೋಡೆ, ಸಾಲಾಗಿ ಕಂಪ್ಯೂಟರುಗಳು, ಕರೆಂಟು ಹೋದರೆ ಗುಂಯ್ ಎನ್ನುವ ಇನ್ವರ್ಟರು. ಪರದೇಶದ ಒಂದು ಕಂಪನಿ ಗೇಮು ಮಾಡಿ ಮಾರುತ್ತಿತ್ತು. ಅದು ಓಡಿದರೆ, ಕೆಲವು ತಿಂಗಳ ನಂತರ ಅದೇ ಗೇಮಿಗೆ ಸೇರಿಸಿಕೊಂಡು ಆಡುವ ಇನ್ನೊಂದು ಭಾಗವನ್ನು ಬೇರೆಯಾಗಿ ಮಾರುತ್ತಿತ್ತು. ಎಕ್ಸ್‌ಪಾನ್ಷನ್ ಎನ್ನುತ್ತಾರೆ. ಭಾನುವಾರದ ಪತ್ರಿಕೆಯ ಜೊತೆ ಬರುತ್ತದಲ್ಲ, ಹಾಗೆ ನಾವು ಅದನ್ನು ಪುರವಣಿ ಎಂದೇ ಕರೆಯುತ್ತಿದ್ದೆವು. ಆ ಪುರವಣಿಗಳ ಕೆಲಸ ನಮ್ಮದು. ಗೇಮಿನ ಒಳಗಿನ ಜನ ಯಾವಾಗ ಏನು ಮಾತಾಡಬೇಕು, ಏನಾದ ಮೇಲೆ ಏನಾಗಬೇಕು ಎಂದು ಬರೆಯುವುದು ನನ್ನ ಪಾಲಿಗೆ ಬಂದಿತ್ತು.

ಚಿತ್ರದ ಕೆಲಸ ಬನಹಟ್ಟಿಯ ಅಕ್ಕನದು. ನನಗಿಂತ ಇಪ್ಪತ್ತು ವರ್ಷಕ್ಕಾದರೂ ದೊಡ್ಡವರು. ನೇಕಾರರ ಮನೆ, ಹುಟ್ಟಿದ್ದು ಮಗ್ಗದ ಪಕ್ಕದಲ್ಲಿ. ಸೀರೆಯ ದಡಿಯ, ಅಂದರೆ ಅಂಚಿನ, ಚಿತ್ರವನ್ನು ಚೌಕಳಿ ಹಾಳೆಯ ಮೇಲೆ ಒಂದೊಂದೇ ಮನೆ ತುಂಬಿ ಬರೆಯುವುದು ಅವರಿಗೆ ಚಿಕ್ಕಂದಿನಿಂದ ರೂಢಿ. ಗೇಮಿನ ಚಿತ್ರವೂ ಹಾಗೇ ಚೌಕಗಳನ್ನು ತುಂಬಿ ಮಾಡುವಂಥದ್ದು. ಮೌಸು ಹಿಡಿಯುವುದನ್ನು ಒಂದು ವಾರದಲ್ಲಿ ಕಲಿತು, ಎರಡನೇ ವಾರದಿಂದ ನಮಗೆಲ್ಲ ಬುದ್ಧಿ ಹೇಳಲು ಶುರು ಮಾಡಿದ್ದರು. ಮಹಾ ಜಂಬದ ಹೆಂಗಸು. ತಾವು ಮಾಡಿದ ಮರವನ್ನು ತಾವೇ ನೋಡಿ, "ಆಹಾಹಾ, ಏನ್ ಗಿಡಾ ಬೇ ಇದು!" ಎಂದು ಇಡೀ ಓಣಿಗೆ ಕೇಳುವಂತೆ ಹೇಳುವರು.

ಇಡೀ ಓಣಿಗೆ ಕೇಳುವಂತೆ ಹೇಳುತ್ತಿದ್ದುದಕ್ಕೆ ಕಾರಣವಿತ್ತು. ಅವರ ಎಡಗಿವಿ ಪೂರ್ತಿ ಹೋಗಿತ್ತು. ಪವರ್‌ಲೂಮ್ ಶೆಡ್ಡಿನೊಳಗೆ ನಿಂತವರಿಗೆ ಗೊತ್ತು, ಅಲ್ಲಿ ಪಕ್ಕದವರ ಮಾತು ಬೇಕೆಂದರೆ ಬಾಯಿ ನೋಡಬೇಕು. ವರ್ಷಗಟ್ಟಲೆ ಅಂಥ ಶೆಡ್ಡಿನಲ್ಲಿ ದುಡಿದ ಅಕ್ಕನಿಗೆ ಕಿವಿಯ ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರಂತೆ: ಬಲಗಿವಿ ಉಳಿಯಬೇಕಾದರೆ ಮಗ್ಗದ ಸದ್ದಿನಿಂದ ದೂರ ಇರಿ, ಮತ್ತೆ ಹೋದರೆ ಅದೂ ಹೋಗುತ್ತದೆ. ಬನಹಟ್ಟಿಯಲ್ಲಿ ಮಗ್ಗದ ಸದ್ದಿಲ್ಲದ ಕೆಲಸ ಎಲ್ಲಿ ಸಿಗಬೇಕು? ಅದಕ್ಕೇ ದಿನಾ ಬಸ್ಸು ಹತ್ತಿ, ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ, ಜಮಖಂಡಿಯ ನಮ್ಮ ಮಹಡಿಗೆ ಬರುತ್ತಿದ್ದರು. ಬಂದ ಕೂಡಲೇ ಚಪ್ಪಲಿ ಬಿಟ್ಟು ಒಂದು ನಿಮಿಷ ಸುಮ್ಮನೆ ನಿಲ್ಲುವರು. "ಎಷ್ಟ್ ಶಾಂತ ಐತಿ ನೋಡ್ ತಂಗಿ," ಎನ್ನುವರು. ನನಗೆ ಇನ್ವರ್ಟರಿನ ಗುಂಯ್ ಕೇಳಿಸುತ್ತಿತ್ತು, ಅವರಿಗೆ ಅದೂ ಶಾಂತವೇ.

ಹೀಗಿರುವಾಗ ನಮಗೆ ದೊಡ್ಡದೊಂದು ಪುರವಣಿಯ ಕೆಲಸ ಬಂತು. ಮೂಲ ಗೇಮು ಹೊಳೆ ದಂಡೆಯ ಒಂದು ಪೇಟೆಯದು. ಆಡುವವರು ಆ ಊರಿನ ಗೌಡರಾಗಿ ಅಂಗಡಿ ಕಟ್ಟಿಸಿ, ರಸ್ತೆ ಮಾಡಿಸಿ, ಊರು ಬೆಳೆಸಬೇಕು. ಅದಕ್ಕೆ ನೀರಿಗೆ ಸಂಬಂಧಪಟ್ಟ ಏನಾದರೂ ಹೊಸದನ್ನು ಸೇರಿಸಿ ಎಂದು ಕಂಪನಿ ಹೇಳಿತು. ಜೊತೆಗೆ ಒಂದು ಷರತ್ತು: ವಿಮರ್ಶಕರು ಕೊಡುವ ಅಂಕಗಳ ಸರಾಸರಿ ಹತ್ತಕ್ಕೆ ಏಳೂವರೆ ದಾಟಿದರೆ ಮುಂದಿನ ಕೆಲಸವೂ ನಮಗೆ. ಇಲ್ಲದಿದ್ದರೆ ಮಹಡಿಗೆ ಬೀಗ. ಅಣ್ಣಾರು ಇದನ್ನು ನಮಗೆ ಮುಚ್ಚಿಡಲಿಲ್ಲ. ಅಕ್ಕನ ಬಲಗಿವಿಯ ಹತ್ತಿರ ಕೂತು, ಇನ್ನೊಮ್ಮೆ ನಿಧಾನವಾಗಿ ಹೇಳಿದರು.

"ಅಷ್ಟ ಅಲ್ಲೇನ್ರಿ? ಏಳೂವರಿ ಏನ್, ಒಂಬತ್ತ ತಗಸ್ತೇನಿ," ಎಂದರು ಅಕ್ಕ.

ಸಾಮಾನ್ಯವಾಗಿ ಇಂಥ ಪುರವಣಿಗಳನ್ನು ಹೇಗೆ ಮಾಡುತ್ತಾರೆಂದರೆ, ನಕಾಶೆಯ ಒಂದು ಮೂಲೆಯಲ್ಲಿ ಹೊಸ ದ್ವೀಪವನ್ನೋ ಕೋಟೆಯನ್ನೋ ಇಟ್ಟು, ದೊಡ್ಡ ಬಾಗಿಲು ಮಾಡಿ, ಇಲ್ಲಿಂದ ಹೊಸದು ಎಂದು ಸಾರುತ್ತಾರೆ. ಹಳೆಯ ಊರು ಹಳೆಯದಾಗಿಯೇ ಇರುತ್ತದೆ. ಬೀಳಗಿ ಕಡೆ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಊರುಗಳಿಗೆ ಬದಲಾಗಿ ಕಟ್ಟಿಕೊಟ್ಟ ಹೊಸ ಊರುಗಳಿವೆಯಲ್ಲ, ನೆಟ್ಟಗಿನ ರಸ್ತೆ, ದೊಡ್ಡ ಬೋರ್ಡು, ಆದರೆ ಕಟ್ಟೆಯ ಮೇಲೆ ಕೂತು ಮಾತಾಡುವವರಿಲ್ಲ, ಹಾಗೆ. ಇದನ್ನು ಹೇಳಿದವಳು ನಾನೇ. ಅಕ್ಕ ತಕ್ಷಣ ಹಿಡಿದುಕೊಂಡರು.

ಅವರಿಗೆ ಚೌಕಳಿ ಹಾಳೆಗಿಂತ ಹೆಮ್ಮೆಯ ಇನ್ನೊಂದು ಕಸುಬಿತ್ತು. ಮಗ್ಗದ ಮೇಲಿನ ಹಾಸು, ಅಂದರೆ ಉದ್ದಕ್ಕೆ ಬಿಗಿದ ಎಳೆಗಳು, ಮುಗಿಯುತ್ತ ಬಂದಾಗ ಅದನ್ನು ಬಿಚ್ಚಿ ಹೊಸದಾಗಿ ಕಟ್ಟುವುದಿಲ್ಲ. ಹೆಂಗಸರು ಕೂತು, ಬೆರಳಿಗೆ ಬೂದಿ ಹಚ್ಚಿಕೊಂಡು, ಹಳೆಯ ಎಳೆಯ ತುದಿಗೆ ಹೊಸ ಎಳೆಯನ್ನು ಹೊಸೆದು ಕೂಡಿಸುತ್ತಾರೆ. ಸಾವಿರಾರು ಎಳೆ. ಕೂಡಿಸಿದ ಜಾಗ ದಪ್ಪಗಾದರೆ ಮಗ್ಗದಲ್ಲಿ ಸಿಕ್ಕಿ ಹರಿಯುತ್ತದೆ. ಒಂದೂ ಹರಿಯದೆ ಸಾಗಿದರೆ ಅದು ಕೈಗುಣ.

"ಕೂಡಿಸಿದ್ದು ಮಗ್ಗಕ್ಕ ಗೊತ್ತಾಗಬಾರದು," ಎಂದರು ಅಕ್ಕ, ಟೇಬಲ್ಲು ಗುದ್ದಿ. "ಈ ಗೇಮನ್ನೂ ಹಂಗ ಮಾಡೂಣ್ರಿ. ಹಳೇದು ಎಲ್ಲಿ ಮುಗೀತು, ಹೊಸಾದು ಎಲ್ಲಿ ಚಾಲೂ ಆತು, ಆಡಾವ್ರಿಗೆ ಗೊತ್ತ ಆಗಬಾರದು."

ಅಣ್ಣಾರು ತಲೆ ಕೆರೆದುಕೊಂಡರು. "ಅಕ್ಕಾರ, ರೊಕ್ಕಾ ಕೊಟ್ಟ ತಗೊಂಡಾವ್ರಿಗೆ ಹೊಸಾದು ಕಾಣಬೇಕಲ್ರಿ?"

"ಕಂಡ್ರ ನನ್ನ ಮರ್ಯಾದಿ ಹೊಕ್ಕೈತಿ!"

ನಾನೂ ಅಕ್ಕನ ಕಡೆಗೇ ನಿಂತೆ. ಏನು ಮಾಡಿದೆವೆಂದು ಹೇಳುತ್ತೇನೆ, ನೀವೇ ನೋಡಿ. ನನ್ನ ಅಪ್ಪ ಚಿಕ್ಕಪಡಸಲಗಿಯಲ್ಲಿ ರೈತರೇ ಸೇರಿ ಕೃಷ್ಣೆಗೆ ಅಡ್ಡ ಕಟ್ಟಿದ ಬ್ಯಾರೇಜಿಗೆ ಕಲ್ಲು ಹೊತ್ತವರು. ಅವರು ಹೇಳಿದ್ದೆಲ್ಲ ನನ್ನ ತಲೆಯಲ್ಲಿತ್ತು. ನಮ್ಮ ಪುರವಣಿಯಲ್ಲಿ ಮೊದಲ ದಿನ ಏನೂ ಬದಲಾಗುವುದಿಲ್ಲ. ಸಂತೆಗೆ ಬರುವ ಒಂದು ಚಕ್ಕಡಿಯಲ್ಲಿ ಜೋಳದ ಚೀಲದ ಪಕ್ಕ ಒಂದು ಕಲ್ಲು ಇರುತ್ತದೆ, ಅಷ್ಟೇ. ಮುಂದಿನ ಸಂತೆಗೆ ಎರಡು ಚಕ್ಕಡಿಯಲ್ಲಿ. ಊರವರು ಹೋಗುವಾಗ ಕಲ್ಲನ್ನು ಹೊಳೆಯಲ್ಲಿ ಇಳಿಸಿ ಹೋಗುತ್ತಾರೆ. ಯಾರೂ ಡಂಗುರ ಸಾರುವುದಿಲ್ಲ. ಮಳೆಗಾಲ ಬರುತ್ತದೆ, ಚಳಿಗಾಲ ಬರುತ್ತದೆ. ಹಳೆಯ ಊರಿನ ಬಾವಿಯಲ್ಲಿ ನೀರು ಒಂದು ಮೆಟ್ಟಿಲು ಮೇಲೇರುತ್ತದೆ. ನೀರಿಗೆ ದೂರ ಹೋಗುತ್ತಿದ್ದ ಹೆಂಗಸರು ಮನೆಗೆ ಬೇಗ ಬರುತ್ತಾರೆ, ಕಟ್ಟೆಯ ಮೇಲೆ ಕೂತು ಮಾತಾಡುತ್ತಾರೆ. ಮೂಲ ಗೇಮಿನಲ್ಲಿ ಮುಚ್ಚಿಯೇ ಇದ್ದ ಒಂದು ಅಂಗಡಿ ತೆರೆಯುತ್ತದೆ. ಕೈಯಲ್ಲಿ ನಾಲ್ಕು ಕಾಸು ಆಡಿ, ಹೆಂಗಸರು ಉಡುವ ಸೀರೆಯ ದಡಿ ಅಗಲವಾಗುತ್ತದೆ. ಆಡುವವರು ಯಾವತ್ತೋ ಒಂದು ದಿನ ಹೊಳೆಯ ಕಡೆ ತಿರುಗಿದರೆ ಅಲ್ಲಿ ಬ್ಯಾರೇಜು ನಿಂತಿರುತ್ತದೆ. ಅದನ್ನು ಮೊದಲ ಸಲ ಪೂರ್ತಿ ಆಡಿ ನೋಡಿದ ದಿನ ಅಣ್ಣಾರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಅಕ್ಕ ಮಾತ್ರ, "ನಾ ಹೇಳಿದ್ದಿಲ್ಲೇನು?" ಎಂದು ಎಲ್ಲರ ಮುಖ ನೋಡುತ್ತ ತಿನ್ನಲು ಗಿರಮಿಟ್ ತರಿಸಿದರು.

ವಿಮರ್ಶೆ ಬಂದ ದಿನ ಬೆಳಿಗ್ಗೆ ಎಲ್ಲರೂ ಅಣ್ಣಾರ ಕಂಪ್ಯೂಟರಿನ ಮುಂದೆ ನಿಂತಿದ್ದೆವು. ಬಹಳ ಜನ ಓದುವ ಜಾಲತಾಣ, ಹೆಸರುವಾಸಿ ವಿಮರ್ಶಕ. ಬರೆದದ್ದಕ್ಕಿಂತ ಮೊದಲು, ಬರೆದದ್ದಕ್ಕಿಂತ ದೊಡ್ಡದಾಗಿ, ಕೆಂಪು ಚೌಕದಲ್ಲಿ ಅಂಕ. ಹತ್ತಕ್ಕೆ ಐದೂವರೆ.

"ಎಷ್ಟ ಬೇ? ಎಷ್ಟ ಕೊಟ್ಟಾನ?" ಅಕ್ಕ ನನ್ನ ಸೆರಗು ಜಗ್ಗುತ್ತಿದ್ದರು.

ಬಲಗಿವಿಗೆ ಬಾಯಿ ಹಚ್ಚಿ ಹೇಳಿದೆ. ಅವರು ನಂಬಲಿಲ್ಲ. ನಾನು ಕೆಟ್ಟ ಚೇಷ್ಟೆ ಮಾಡುತ್ತಿದ್ದೇನೆಂದು ಬೆನ್ನಿಗೊಂದು ಕೊಟ್ಟರು. ಆಮೇಲೆ ಅಣ್ಣಾರ ಮುಖ ನೋಡಿ ಕೂತರು.

ಆ ಪುಣ್ಯಾತ್ಮ ಬರೆದದ್ದನ್ನು ಕನ್ನಡಕ್ಕೆ ತಿರುಗಿಸುತ್ತ ಅಕ್ಕನಿಗೆ ಓದಿ ಹೇಳುವ ಹಣೆಬರಹ ನನ್ನದಾಯಿತು. ತನ್ನ ಹಳೆಯ ಊರನ್ನು ತೆರೆದು ಒಂದು ಮಧ್ಯಾಹ್ನ ಆಡಿದನಂತೆ. ಹೊಸದು ಎಲ್ಲಿದೆ ಎಂದು ಹುಡುಕಿದನಂತೆ. ಅದೇ ಪೇಟೆ, ಅದೇ ಜನ. ಸೀರೆಗಳು ಚೆನ್ನಾಗಿವೆಯಂತೆ, ಧನ್ಯವಾದ. ಇಷ್ಟಾದರೆ ತಡೆದುಕೊಳ್ಳುತ್ತಿದ್ದೆ. ಕೊನೆಗೆ ದೋಷಗಳನ್ನು ಹೇಳುವಾಗ, ಕೆಲವು ಚಕ್ಕಡಿಗಳಲ್ಲಿ ವಿನಾಕಾರಣ ಕಲ್ಲುಗಳು ಕಾಣಿಸುತ್ತವೆ, ಇದನ್ನು ಬೇಗ ಸರಿಪಡಿಸಬೇಕು ಎಂದಿದ್ದ! ನನ್ನ ಸಿಟ್ಟು ನೆತ್ತಿಗೇರಿತು. ಕಲ್ಲು ಕಂಡಿದೆಯಲ್ಲ ನಿನಗೆ? ಕಣ್ಣಿಗೆ ಬಿದ್ದಿದೆಯಲ್ಲ? ಆ ಚಕ್ಕಡಿ ಎಲ್ಲಿಗೆ ಹೋಗುತ್ತದೆ ಎಂದು ಹಿಂದೆ ನಾಲ್ಕು ಹೆಜ್ಜೆ ಹೋಗಲು ನಿನಗೇನು ಧಾಡಿಯಾಗಿತ್ತು? ಹೀಗೆಂದು ಕಂಪ್ಯೂಟರಿಗೆ ಬಾಯಿಗೆ ಬಂದಂತೆ ಬೈದೆ. ಮುಂದಿನ ದಿನಗಳಲ್ಲಿ ಬಂದ ಬೇರೆ ವಿಮರ್ಶೆಗಳೂ ಐದು, ಆರು ಎಂದೇ ಹೇಳಿದವು. ಒಬ್ಬನಂತೂ ಕಲ್ಲಿನ ದೋಷವನ್ನು ಅದೇ ಮಾತಿನಲ್ಲಿ ಬರೆದಿದ್ದ. ಆಡಿ ಬರೆದನೋ, ಓದಿ ಬರೆದನೋ ದೇವರೇ ಬಲ್ಲ.

ಸೋತವಳು ಹೊಟ್ಟೆ ಉರಿಗೆ ಮಾತಾಡುತ್ತಿದ್ದಾಳೆ ಎನ್ನಬೇಡಿ. ಅದರ ಹಿಂದಿನ ವರ್ಷ ಇದೇ ಮಹಡಿಯಲ್ಲಿ ಒಂದು ಯುದ್ಧದ ಗೇಮಿಗೆ ಪುರವಣಿ ಮಾಡಿದ್ದೆವು. ಹಳೆಯ ಕೋಟೆಯನ್ನೇ ಎತ್ತಿ, ಬಣ್ಣ ಬದಲಿಸಿ, ಮೂಲೆಯಲ್ಲಿಟ್ಟು, ಕುದುರೆಗಳಿಗೆ ಮಿರಮಿರ ಮಿಂಚುವ ಝೂಲು ಹೊದಿಸಿದ್ದೆವು. ಕಾಟಾಚಾರದ ಕೆಲಸ, ಒಂದು ತಾಸು ಆಡಿದರೆ ಮುಗಿಯಿತು. ಅದಕ್ಕೆ ಎಂಟು ಬಂದಿತ್ತು. ಪೇಢೆ ಹಂಚುವಾಗ ನಾವೇ ಒಬ್ಬರ ಮುಖ ಒಬ್ಬರು ನೋಡದೆ ನಕ್ಕಿದ್ದೆವು. ಅದಕ್ಕೆ ಎಂಟು, ಇದಕ್ಕೆ ಐದೂವರೆ. ಅಂದರೆ ಆ ಅಂಕ ಯಾವುದನ್ನು ಅಳೆಯಿತು? ಒಂದು ಮಧ್ಯಾಹ್ನದಲ್ಲಿ ಕಣ್ಣಿಗೆ ರಾಚಿದ್ದನ್ನು ಅಳೆಯಿತು. ಮೂಲ ಗೇಮಾದರೆ ವಾರಗಟ್ಟಲೆ ಆಡಿ ಬರೆಯುತ್ತಾರೆ. ಪುರವಣಿ ಎಂದ ಕೂಡಲೇ ಅಸಡ್ಡೆ. ಮೂಲಕ್ಕಿಂತ ಎಷ್ಟು ಹೆಚ್ಚಿಗೆ ಸಿಕ್ಕಿತು ಎಂದು ತಕ್ಕಡಿ ಹಿಡಿಯುತ್ತಾರೆಯೇ ಹೊರತು, ಮೂಲವೇ ಬೇರೆಯಾಯಿತೇ ಎಂದು ನೋಡುವುದಿಲ್ಲ. ಕೊಳ್ಳುವವರೋ, ಬರೆದದ್ದನ್ನು ಓದದೆ ಕೆಂಪು ಚೌಕ ನೋಡಿ ಮುಂದೆ ಹೋಗುತ್ತಾರೆ. ನಾನು ಆ ವಿಮರ್ಶಕನಿಗೆ ಇಂಗ್ಲಿಷಿನಲ್ಲಿ ಉದ್ದಕ್ಕೆ ಬರೆದು ಕಳಿಸಿದೆ. ಉತ್ತರ ಬರಲಿಲ್ಲ.

ಆಮೇಲೆ ಕಂಪನಿಯವರು ಫೋನು ಮಾಡಿದರು. ಬಹಳ ಮರ್ಯಾದೆಯ ಮಾತು. ಒಂದು ಅವಕಾಶ ಕೊಡುತ್ತೇವೆ ಎಂದರು. ಹೊಸದೆಲ್ಲ ಎದ್ದು ಕಾಣುವಂತೆ ಮಾಡಿ ಕೊಡಿ, ವಿಮರ್ಶಕರಿಗೆ ಮತ್ತೊಮ್ಮೆ ಕಳಿಸುತ್ತೇವೆ, ಅಂಕ ಏರಿದರೆ ಕೆಲಸ ಉಳಿಯುತ್ತದೆ. ಕಲ್ಲು ಹೊತ್ತ ಪ್ರತಿ ಚಕ್ಕಡಿಯ ಸುತ್ತ ಹಳದಿ ಉಂಗುರ ಹೊಳೆಯಬೇಕು. ಕಲ್ಲು ಹೊಳೆಗೆ ಬಿದ್ದಾಗಲೆಲ್ಲ ಘಂಟೆ ಹೊಡೆಯಬೇಕು. ಬಾವಿಯ ನೀರು ಏರಿದರೆ ನೀರು ಏರಿದೆ ಎಂದು ಅಕ್ಷರ ಮೂಡಬೇಕು. ಹೊಳೆಯ ದಾರಿಗೆ ಒಂದು ದೊಡ್ಡ ಕಮಾನು ಬೇಕು.

ಅಣ್ಣಾರು ಇದನ್ನೆಲ್ಲ ನಮಗೆ ಹೇಳಿದರು. ಮುಗಿದ ಮೇಲೆ ಅಕ್ಕ ಎದ್ದು ನಿಂತರು. "ನನ್ನ ಕೈಲೆ ಆಗೂದಿಲ್ರಿ. ಬೇಕಾದ್ರ ನೀವ ಮಾಡ್ಕೋರಿ. ಛಲೋ ಸೀರಿ ನೇದು, ಅದರ ಮ್ಯಾಲ ಸುಣ್ಣಾ ಉಗ್ಗತಾರೇನು?" ಎಂದು ಚೀಲ ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದರು. ನಾನು ಹಿಂದೆ ಓಡಿದೆ. ಬಸ್ ಸ್ಟ್ಯಾಂಡಿನಲ್ಲಿ ಹಿಡಿದು, "ಅಕ್ಕಾರ, ನೀವು ಅಂದದ್ದು ಖರೆ. ಬ್ಯಾಡಾದ್ರ ಬ್ಯಾಡ, ಯಾರೂ ಮಾಡೂದು ಬ್ಯಾಡ," ಎಂದೆ. ನನಗೂ ಜಿದ್ದು ಬಂದಿತ್ತು. ಕೆಲಸ ಹೋದರೆ ಹೋಗಲಿ, ಶಾಲೆ ಇದೆ ಎಂದುಕೊಂಡಿದ್ದೆ.

ಅಕ್ಕ ನನ್ನನ್ನು ದುರುಗುಟ್ಟಿ ನೋಡಿದರು. ಬನಹಟ್ಟಿಯ ಬಸ್ಸು ಬಂತು, ಹತ್ತಲಿಲ್ಲ.

"ನಿನಗೇನ ಬೇ, ನೀ ಸಾಲಿಗೆ ಹೊಕ್ಕಿ. ನಾ ಎಲ್ಲಿಗೆ ಹೋಗ್ಲಿ? ಶೆಡ್ಡಿಗೆ. ನನ್ನ ಮೊಮ್ಮಗಳು ಈಗ ಮಾತ ಕಲ್ಯಾಕತ್ತಾಳ. ಈ ಒಂದ ಕಿವಿಯಾಗ ಕೇಳತೇನಿ." ಸುತ್ತಲಿನ ಜನ ತಿರುಗಿ ನೋಡುತ್ತಿದ್ದರು, ಅಷ್ಟು ಜೋರು ದನಿ. "ನಡಿ. ಯಾವ ಹಳದಿ ಬೇಕಂತ, ಹಾಕೂಣು."

ಮರುದಿನದಿಂದ ಅವರೇ ಕೂತು ಹಾಕಿದರು. ತಾವು ಕೂಡಿಸಿದ ಜಾಗಗಳನ್ನೆಲ್ಲ ಹುಡುಕಿ ಹುಡುಕಿ ಒಂದೊಂದರ ಮೇಲೂ ಹಳದಿ ಬಳಿದರು. ಬೇರೆಯವರಿಗೆ ಆ ಜಾಗಗಳು ಸಿಗುತ್ತಲೂ ಇರಲಿಲ್ಲ. ಆ ದಿನಗಳಲ್ಲಿ ಅವರು ತಮ್ಮ ಕೆಲಸ ನೋಡಿ ಆಹಾ ಎನ್ನಲಿಲ್ಲ. ಘಂಟೆ ಯಾವಾಗ ಹೊಡೆಯಬೇಕೆಂದು ನಾನು ಪಕ್ಕದಲ್ಲಿ ಕೂತು ಬರೆದೆ. ಮುಗಿದ ಮೇಲೆ ಆಡಿ ನೋಡಿದೆವು. ಜಾತ್ರೆಯಲ್ಲಿ ಮಕ್ಕಳು ಊದುವ ಪೀಪಿಯಂತೆ ಕಿರುಚುತ್ತಿತ್ತು. ಕಂಪನಿಯವರಿಗೆ ಬಹಳ ಸೇರಿತು. ಈಗಾಗಲೇ ಕೊಂಡವರ ಕಂಪ್ಯೂಟರುಗಳಿಗೂ ಇದನ್ನೇ ಕಳಿಸಿ, ಹಳೆಯದನ್ನು ಅಳಿಸಿಹಾಕಿದರು. ವಿಮರ್ಶಕರಿಗೂ ಕಳಿಸಿದರು.

ಅವರಿಂದ ಬಂದ ಉತ್ತರ ಇಷ್ಟೇ: ನಾವು ಬಿಡುಗಡೆಯ ದಿನದ ಕೃತಿಗೆ ಅಂಕ ಕೊಡುತ್ತೇವೆ. ಕೊಟ್ಟ ಅಂಕ ಬದಲಿಸುವ ಪದ್ಧತಿ ನಮ್ಮಲ್ಲಿಲ್ಲ.

ಪದ್ಧತಿಯಂತೆ! ಹತ್ತನೇ ತರಗತಿಯ ಹುಡುಗನಿಗೂ ಮರುಮೌಲ್ಯಮಾಪನ ಇದೆ. ಊರಿನ ಕುಸ್ತಿಯಲ್ಲಿ ಸೋತವನಿಗೂ ಮರುವರ್ಷ ಅಖಾಡ ಇದೆ. ಒಂದು ಮಧ್ಯಾಹ್ನ ಆಡಿ ಬರೆದವನ ಕೆಂಪು ಚೌಕ ಮಾತ್ರ ಬ್ರಹ್ಮಲಿಖಿತ. ಮಹಡಿಗೆ ಬೀಗ ಬಿತ್ತು. ಅಣ್ಣಾರು ಕಂಪ್ಯೂಟರು ಮಾರಿ ಮುಧೋಳದಲ್ಲಿ ಫ್ಲೆಕ್ಸ್ ಛಾಪಿಸುವ ಅಂಗಡಿ ಹಾಕಿದರು. ನಾನು ಶಾಲೆಗೆ ಬಂದೆ. ಅಕ್ಕ ಎರಡು ತಿಂಗಳು ಮನೆಯಲ್ಲಿ ಕೂತರು, ಆಮೇಲೆ ಶೆಡ್ಡಿಗೆ ಹೋದರು.

ಎಂಟೊಂಬತ್ತು ವರ್ಷಗಳ ನಂತರ ಮೊಬೈಲಿನಲ್ಲಿ ಏನೋ ನೋಡುತ್ತಿದ್ದಾಗ ಅದೇ ವಿಮರ್ಶಕನ ಹೊಸ ಬರಹ ಎದುರಾಯಿತು. ಜಗತ್ತು ಕಡೆಗಣಿಸಿದ ಪುರವಣಿಗಳ ಬಗ್ಗೆ. ಕಡೆಗಣಿಸಿದವರು ಯಾರೋ ಬೇರೆಯವರು ಎನ್ನುವ ಧಾಟಿ. ಕಾಯಿಲೆ ಬಿದ್ದು ಮನೆಯಲ್ಲಿದ್ದಾಗ ನಮ್ಮದನ್ನು, ಇಂಟರ್ನೆಟ್ ಇಲ್ಲದೆ ಬಿದ್ದಿದ್ದ ತನ್ನ ಹಳೆಯ ಕಂಪ್ಯೂಟರಿನಲ್ಲಿ ಉಳಿದಿದ್ದ ಹಳದಿ ಇಲ್ಲದ ಪ್ರತಿಯನ್ನು, ಕೊನೆಯವರೆಗೂ ಆಡಿದನಂತೆ. ಹೊಳೆಯ ಕಡೆ ತಿರುಗಿ ಬ್ಯಾರೇಜು ಕಂಡಾಗ ಎದ್ದು ನಿಂತನಂತೆ. ತಾನು ಆಡಿದ ಪುರವಣಿಗಳಲ್ಲಿ ಇಂಥದ್ದು ಇನ್ನೊಂದಿಲ್ಲವಂತೆ. ಮುಂದಿನ ಸಾಲು ಓದಿ ಮೊಬೈಲು ಗೋಡೆಗೆ ಬಡಿಯಬೇಕೆನಿಸಿತು: ಇಂಥ ಕೆಲಸದ ಮೇಲೆ ಆಮೇಲೆ ಹಳದಿ ಉಂಗುರಗಳನ್ನು ಬಳಿದು ಕೆಡಿಸಿದ ಅರಸಿಕರು ಯಾರೋ ಎಂದು ಮರುಗಿದ್ದ.

ಆದರೂ ಅದು ಹೊಗಳಿಕೆಯೇ ಅಲ್ಲವೇ, ಅಕ್ಕನಿಗೆ ಮುಟ್ಟಿಸಬೇಕು ಎನಿಸಿತು. ಹೊಗಳಿದ ಭಾಗವನ್ನಷ್ಟೇ ಮೊಬೈಲಿನಲ್ಲಿ ಕನ್ನಡದಲ್ಲಿ ಬರೆದುಕೊಂಡು ಭಾನುವಾರ ಬನಹಟ್ಟಿಗೆ ಹೋದೆ. ಬರೆದುಕೊಂಡು ಹೋದದ್ದು ಯಾಕೆಂದರೆ, ಮಾತಾಡಿದರೆ ಬಲಗಿವಿಗೂ ಈಗ ಮುಟ್ಟುವುದಿಲ್ಲ ಎಂದು ಅಣ್ಣಾರು ಹೇಳಿದ್ದರು. ಓಣಿಯ ತುಂಬ ಮಗ್ಗಗಳ ಖಟಖಟ. ಅಕ್ಕ ನನ್ನ ಕೆನ್ನೆ ಹಿಂಡಿ, ಒಳಗೆ ಕರೆದುಕೊಂಡು ಹೋಗಿ, ಚಾಪೆ ಹಾಸಿ ಕೂಡಿಸಿದರು. ಮೊಬೈಲು ಕೊಟ್ಟೆ. ಕಣ್ಣಿಗೆ ಹತ್ತಿರ ಹಿಡಿದು, ತುಟಿ ಅಲ್ಲಾಡಿಸುತ್ತ, ನಿಧಾನವಾಗಿ ಓದಿದರು. ಮುಗಿಸಿ, ಮತ್ತೆ ಮೇಲಿನಿಂದ ಓದಿದರು.

"ಅಂವನ ಏನು?" ಎಂದರು. ಹೌದೆಂದು ತಲೆಯಾಡಿಸಿದೆ.

"ಮಾರ್ಕ್ಸ ಬದಲ ಮಾಡ್ಯಾನೇನು?"

ಇಲ್ಲ. ನಾನು ಅದನ್ನೂ ನೋಡಿಯೇ ಹೋಗಿದ್ದೆ. ಆ ಬರಹದ ಕೆಳಗೇ ಅವನ ಹಳೆಯ ವಿಮರ್ಶೆಗೆ ದಾರಿಯಿತ್ತು. ಅಲ್ಲಿ ಐದೂವರೆ ಹಾಗೇ ಕೆಂಪಗೆ ಕೂತಿತ್ತು.

ತಲೆ ಅಡ್ಡಡ್ಡ ಆಡಿಸಿದೆ. ಅಕ್ಕ ಮೊಬೈಲನ್ನು ನನ್ನ ತೊಡೆಯ ಮೇಲೆ ಇಟ್ಟರು. "ಹಂಗಾರ ಇದನ್ನ ನನಗ್ಯಾಕ ಓದಸ್ತಿ? ನನಗ ಮೊದಲ ಗೊತ್ತಿತ್ತು, ಛಲೋ ಮಾಡೇನಂತ."

ಅಷ್ಟರಲ್ಲಿ ಅವರ ಹಿಂದಿನ ಬಾಗಿಲಲ್ಲಿ ಮೊಮ್ಮಗಳು ಬಂದು ನಿಂತಳು. ಎತ್ತರಕ್ಕೆ ಬೆಳೆದಿದ್ದಾಳೆ. "ಅಜ್ಜಿ, ಚಹಾ ಮಾಡ್ಲೇನು?" ಎಂದಳು. ಅಕ್ಕ ತಿರುಗಲಿಲ್ಲ. ಹುಡುಗಿ ಇನ್ನೊಮ್ಮೆ ಜೋರಾಗಿ ಕೇಳಿದಳು. ನಾನು ಬಾಗಿಲ ಕಡೆ ಕೈ ತೋರಿಸಿದೆ. ಅಕ್ಕ ಹಿಂದೆ ತಿರುಗಿ ಅವಳನ್ನು ನೋಡಿದರು, ಆಮೇಲೆ ನನ್ನ ಬಾಯಿ ನೋಡಿದರು.

"ಏನ ಅಂದ್ಲ ಬೇ?"